ಹದಿನೇಳು ಗಂಟೆ ಅಂದ್ರೆ ಎಷ್ಟು ದಿನ?

2021ರ ಜನವರಿ 11, ಸೋಮವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಬಂದಿಳಿಯಿತು. ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಮೇಲೆ ನಡುವೆ ಎಲ್ಲೂ ನಿಂತಿಲ್ಲ. ಬಂದದ್ದು ಉತ್ತರ ಧ್ರುವದ ದಾರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಸೇರಿ ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಣ್ಣುಮಕ್ಕಳು. ಚಪ್ಪಾಳೆ ಹೊಡೆಯಲೇಬೇಕಿತ್ತು, ಅವತ್ತು ಬೆಳಗಿನಿಂದ ಹೊಡೀತಾನೇ ಇದ್ದೆವು.

ಆದರೆ ಚಿಂತಾಮಣಿ ಪಕ್ಕ, ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಊರುಗಳಲ್ಲಿ ಮಗನನ್ನೋ ಮಗಳನ್ನೋ ಕ್ಯಾಲಿಫೋರ್ನಿಯಾಗೆ ಕಳಿಸಿ ಕೂತವರ ಪ್ರಶ್ನೆ ಬೇರೆ. ಎಷ್ಟು ಕಿಲೋಮೀಟರ್ ಅಂತ ಅವರು ಕೇಳಲ್ಲ. ಕೂಗಳತೆ, ಹರದಾರಿ ಅಂತ ದೂರ ಅಳೆದ ಜನ. ಕರೆದ್ರೆ ಎಷ್ಟು ಹೊತ್ತಿಗೆ ಬರ್ತಾನೆ, ಅಷ್ಟು ಹೇಳಿ ಅಂತಾರೆ.

ಮೊದಲು ದೂರ. ಗೋಡೆಯ ನಕ್ಷೆ ಬಿಡಿ, ಮಕ್ಕಳ ಗ್ಲೋಬ್ ತಗೊಂಡು ಎರಡೂ ಊರಿಗೆ ದಾರ ಬಿಗಿಯಾಗಿ ಎಳೆಯಿರಿ. ದಾರ ಪಕ್ಕಕ್ಕೆ ಹೋಗಲ್ಲ, ಉತ್ತರಕ್ಕೆ ಏರುತ್ತೆ. ಆ ಲೆಕ್ಕಕ್ಕೆ 13,993 ಕಿ.ಮೀ. ವಿಮಾನ ಹಾರಿದ್ದು ಸುಮಾರು 16,000. ಆಕಾಶದಲ್ಲೂ ದಾರಿ ಸುತ್ತಿ ಬರುತ್ತೆ, ಕಾರಣ ಗಾಳಿ. 2016ರಲ್ಲಿ ಇದೇ ಕಂಪನಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹೋಯಿತು. ದೂರ ಸಾವಿರದ ನಾನೂರು ಕಿ.ಮೀ. ಹೆಚ್ಚಾಯಿತು, ಸಮಯ ಸುಮಾರು ಎರಡು ಗಂಟೆ ಉಳಿಯಿತು! ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲಿನ ಗಾಳಿ ಹಿಂದಿನಿಂದ ನೂಕಿದ್ದರ ಫಲ. ಭೂಮಿ ತಿರುಗುತ್ತಲ್ಲ, ವಿಮಾನ ಮೇಲೆ ಸುಮ್ನೆ ನಿಂತ್ರೆ ಅಮೆರಿಕವೇ ಕೆಳಗೆ ಬರಲ್ವಾ ಅಂತ ನನ್ನ ಜೊತೆ ಇಂಜಿನಿಯರಿಂಗ್ ಓದಿದವರೂ ಕೇಳಿದ್ದುಂಟು. ಬರಲ್ಲ ಸ್ವಾಮಿ, ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ.

ಈಗ ಹೊತ್ತು. ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಸೋಮವಾರ ನಸುಕಿಗೆ ಇಳಿದದ್ದು ನೋಡಿ ಎರಡು ದಿನ ಅನ್ನಬೇಡಿ. ಆಗ ನಮ್ಮ ಗಡಿಯಾರ ಹದಿಮೂರೂವರೆ ಗಂಟೆ ಮುಂದಿತ್ತು. ಹಾರಾಟ ಹದಿನೇಳು ಗಂಟೆ ಚಿಲ್ಲರೆ.

ಆದರೆ 2021ರ ಆ ಜನವರಿಯಲ್ಲಿ ವಿಮಾನ ವಾರಕ್ಕೆ ಎರಡೇ ಇತ್ತು. ಅಲ್ಲಿಂದ ಹೊರಡುತ್ತಿದ್ದದ್ದು ಶನಿವಾರ, ಮಂಗಳವಾರ. ಆಗ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿ ಅಪ್ಪನಿಗೆ ಎದೆನೋವು ಬಂತು ಅಂತಿಟ್ಕೊಳ್ಳಿ. ಅಲ್ಲಿ ಶನಿವಾರ ರಾತ್ರಿ ಹತ್ತೂವರೆ. ವಿಮಾನ ಹೋಗಿ ಎರಡು ಗಂಟೆ ಆಯ್ತು. ಮುಂದಿನದು ಮಂಗಳವಾರ, ಇಲ್ಲಿ ಇಳಿಯುತ್ತಿದ್ದದ್ದು ಗುರುವಾರ ನಸುಕಿನ ಮೂರೂ ಮುಕ್ಕಾಲಿಗೆ. ಫೋನ್ ಬಂದ ಗಳಿಗೆಯಿಂದ ಹೆಚ್ಚುಕಮ್ಮಿ ಮೂರು ದಿನ ಹದಿನಾರು ಗಂಟೆ. ಕೆಟ್ಟದ್ದು ಆಗಿಯೇ ಹೋದರೆ ಫ್ರೀಜರ್ ಬಾಕ್ಸ್ ತರಿಸಬೇಕಾ, ಮಗ ಬರೋವರೆಗೆ ಕಾಯಬೇಕಾ ಅಂತ ಮನೆ ಮುಂದೆ ನೆಂಟರು ಮಾತಾಡುವುದು ಈ ಲೆಕ್ಕವನ್ನೇ. ಅಂಥ ಹೊತ್ತಿನಲ್ಲಿ ದುಬೈಯಲ್ಲೋ ಫ್ರಾಂಕ್‌ಫರ್ಟಲ್ಲೋ ಇಳಿದು ಹತ್ತುವ ವಿಮಾನ ಸಿಕ್ಕರೆ, ಇಪ್ಪತ್ನಾಲ್ಕು ಗಂಟೆ ತಗೊಂಡರೂ ಅದೇ ಬೇಗ.

ಮಕ್ಕಳಿಗೆ ಫೋನ್ ಮಾಡಿದಾಗ ತಡೆರಹಿತ ವಿಮಾನ ಇದೆಯಾ ಅನ್ನೋದರ ಜೊತೆ, ಯಾವ ವಾರ ಇದೆ, ಸೀಟು ಸಿಗುತ್ತಾ, ಅದು ತಪ್ಪಿದ್ರೆ ಬೇರೆ ಯಾವುದರಲ್ಲಿ ಬರ್ತೀಯಪ್ಪಾ ಅಂತಲೂ ಕೇಳಿಟ್ಟುಕೊಳ್ಳಿ. ದೇವನಹಳ್ಳಿಯಿಂದ ವಿಜಯಪುರ, ಎಚ್ ಕ್ರಾಸ್ ದಾಟಿ ಊರು ಸೇರೋಕೆ ಒಂದು ಕಾರೂ ಹೇಳಿಟ್ಟಿರಬೇಕು.