ಎಲ್ಲರೂ ಮೆಚ್ಚಿದ ಸಿನಿಮಾ

ಉಬ್ರಾಣಿ ಸೀಮೆಯವರಿಗೆ ಚಿತ್ರದುರ್ಗದ ಕೋಟೆ ತೀರಾ ದೂರದ್ದಲ್ಲ. ಆ ಬಂಡೆಗಳ ನಡುವೆಯೇ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ತೆಗೆದರು. 1972ರ ಆ ಸಿನಿಮಾಕ್ಕೆ ಜನ ಮುಗಿಬಿದ್ದರು. ಆದರೆ ಮೂಲ ಕಾದಂಬರಿಗಳನ್ನು ಬರೆದ, ನಮ್ಮ ಮಲೇಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರಿಗೇ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಮುನಿಸಿಕೊಂಡರಂತೆ!

ನನ್ನ ತಕರಾರು ಬೇರೆ. ಕೊನೆಯಲ್ಲಿ ನಾಯಕ ರಾಮಾಚಾರಿಯ ಕೈಯಿಂದ ಅವನ ಗುರು ಚಾಮಯ್ಯ ಮೇಷ್ಟ್ರು ಪ್ರಪಾತಕ್ಕೆ ಬೀಳುತ್ತಾರೆ; ಹಿಂದೆಯೇ ಅವನೂ ಅವನ ಅನ್ಯಧರ್ಮದ ಪ್ರೇಯಸಿ ಮಾರ್ಗರೆಟ್ಟೂ ಹಾರುತ್ತಾರೆ. ಮೇಷ್ಟ್ರಾಗಿ ನಟಿಸಿದ ಅಶ್ವತ್ಥರ ಮುಖ ಮರೆಯುವಂಥದ್ದಲ್ಲ, ನಿಜ. ಆದರೂ ಸಾಯುವುದೇ ಪ್ರೀತಿಯ ದೊಡ್ಡಸ್ತಿಕೆ ಎನ್ನುವುದು ನನಗೆ ಒಗ್ಗದು. ಜಾತಿ-ಧರ್ಮದ ಲೆಕ್ಕ ಹಾಕಿದ್ದು ಊರು. ದಂಡ ತೆತ್ತವರು ಮಾತ್ರ ಇವರು.

ಹತ್ತು ಜನ ಹೊಗಳಿದ ಸಿನಿಮಾ ನಿಮಗೆ ಹಿಡಿಸದಿದ್ದರೆ ಸಂಕೋಚವಿಲ್ಲದೆ ಹೇಳಿ. ಕಥೆ ಬರೆದವರೇ ಹೇಳಿದ್ದಾರೆ.