ಪಾಡ್‌ಕಾಸ್ಟ್ ಅಕ್ಷರರೂಪ | ವಿಜಯನಗರ ಬಿದ್ದದ್ದು ಅಳಿಯ ರಾಮರಾಯನಿಂದಲೇನಾ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಕೇಳ್ತಾ ಇರೋರಿಗೆ ಇವತ್ತಿನ ಮಾತು ಸ್ವಲ್ಪ ಹತ್ತಿರದ್ದು. ಹಾನಗಲ್ಲಿನ ತಾರಕೇಶ್ವರ ಗುಡಿ ನೋಡಿದ್ರೆ ಕದಂಬರ ನೆನಪಾಗುತ್ತೆ, ಸವಣೂರಿಗೆ ಹೋದ್ರೆ ನವಾಬರ ನೆನಪಾಗುತ್ತೆ. ಇವೆರಡರ ನಡುವೆ ಈ ನೆಲ ವಿಜಯನಗರದ್ದಾಗಿತ್ತು ಅನ್ನೋದು ಮಾತ್ರ ಎಷ್ಟೋ ಸಲ ಮರೆತೇ ಹೋಗುತ್ತೆ. ಅದು ಕೈತಪ್ಪಿದ್ದು ಹೇಗೆ? ಒಬ್ಬ ಸೇನಾನಿ ಅರಸೊತ್ತಿಗೆಯನ್ನೇ ಕೈಗೆ ತಗೊಂಡ, ಆಮೇಲೆ ರಾಜ್ಯ ಕುಸೀತು. ಹಾಗಾದ್ರೆ ತಪ್ಪು ಅವನೊಬ್ಬನದೇನಾ?

ಆ ಸೇನಾನಿ ಅಳಿಯ ರಾಮರಾಯ, ಕೃಷ್ಣದೇವರಾಯನ ಮಗಳ ಗಂಡ. 1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ಅರಮನೆಯಲ್ಲಿ ಕೊಲೆ, ಕಿತ್ತಾಟ ಶುರುವಾಯ್ತು. ಅಚ್ಯುತನ ಭಾವಮೈದ ಸಲಕರಾಜು ತಿರುಮಲ ಅಧಿಕಾರ ಕಿತ್ತುಕೊಂಡ. ರಾಮರಾಯ ಅವನನ್ನ ಸೋಲಿಸಿ, ರಾಜವಂಶದ ಸದಾಶಿವರಾಯನನ್ನ ಸಿಂಹಾಸನದ ಮೇಲೆ ಕೂರಿಸಿದ. ಕೂತವನು ಸದಾಶಿವ, ಆಳಿದವನು ರಾಮರಾಯ. ಸುಮಾರು 22 ವರ್ಷ ಇದು ಹೀಗೇ ನಡೀತು. 1565ರ ಜನವರಿ 23ರಂದು ನಾವು ತಾಳಿಕೋಟೆ ಯುದ್ಧ, ರಕ್ಕಸತಂಗಡಿ ಯುದ್ಧ ಅಂತೆಲ್ಲ ಕರೆಯೋ ಕಾಳಗದಲ್ಲಿ ದಖ್ಖನಿನ ಸುಲ್ತಾನರ ಒಕ್ಕೂಟ ಅವನನ್ನ ಸೋಲಿಸ್ತು. ಸೆರೆಸಿಕ್ಕ ರಾಮರಾಯನ ತಲೆ ಕಡಿದರು.

ನಮ್ಮ ಮೊಬೈಲಿಗೆ ಬರೋ ಫಾರ್ವರ್ಡ್‌ಗಳಲ್ಲಿ ಇದರ ಕಥೆ ಎರಡೇ ಸಾಲು: ಅವನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ದ್ರೋಹ ಮಾಡಿದ್ರು, ಅಷ್ಟಕ್ಕೇ ಎಲ್ಲ ಮುಗೀತು. ಈ ಮಾತಿಗೆ ಮೂಲ ಇಲ್ಲ ಅಂತಲ್ಲ. 1567ರಲ್ಲಿ ವಿಜಯನಗರಕ್ಕೆ ಬಂದು ಕೆಲವು ತಿಂಗಳು ಇದ್ದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಹಾಗೆ ಬರೆದಿದ್ದಾನೆ. ಆದರೆ ಅದೇ ಫ್ರೆಡರಿಕ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ, ಫಾರ್ವರ್ಡ್‌ನಲ್ಲಿ ಅದು ಬರಲ್ಲ. ರಾಮರಾಯ ಮತ್ತವನ ತಮ್ಮಂದಿರು ನಿಜವಾದ ರಾಜನನ್ನ ಸೆರೆಯಲ್ಲಿ ಇಟ್ಟಿದ್ರು, ವರ್ಷಕ್ಕೊಂದು ಸಲ ಮಾತ್ರ ಜನರಿಗೆ ತೋರಿಸ್ತಿದ್ರು ಅಂತ. ನನ್ನ ಪ್ರಕಾರ ಉತ್ತರ ಇರೋದು ಈ ಎರಡನೇ ಮಾತಲ್ಲಿ.

ಮೊದಲು ರಾಮರಾಯನ ಪರ ವಾದ ಕೇಳೋಣ, ಅದು ಗಟ್ಟಿಯಾಗೇ ಇದೆ. ಅವನು ಬಂದಾಗ ಮನೆಯೊಳಗೇ ಬೆಂಕಿ ಬಿದ್ದಿತ್ತು, ಆರಿಸಿದವನು ಅವನು. 1547ರಲ್ಲಿ ಪೋರ್ಚುಗೀಸರ ಜತೆ ಒಪ್ಪಂದ ಆಯ್ತು. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ ಶಾ ಸುಲ್ತಾನ ಆಗೋದಕ್ಕೆ ಮುಂಚೆ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್‌ ಶಾ ಇದೇ ರಾಮರಾಯನ ನೆರವು ತಗೊಂಡು ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಅಂದ್ರೆ ಆಗಿನ ರಾಜಕೀಯ ಧರ್ಮದ ಗೆರೆ ಎಳ್ಕೊಂಡು ನಡೀತಿರಲಿಲ್ಲ. ಇವತ್ತಿನ ಮಿತ್ರ ನಾಳೆಯ ವೈರಿ, ಅಷ್ಟೇ. ಈ ಆಟದಲ್ಲಿ ಎರಡು ದಶಕ ಗೆದ್ದವನನ್ನ ಒಂದು ದಿನದ ಸೋಲಿನಿಂದ ಅಳೆಯೋದು ನ್ಯಾಯ ಅಲ್ಲ. ಆಟ ಅತಿಯಾಗಿ, ನಿನ್ನೆವರೆಗೆ ಒಬ್ಬರನ್ನೊಬ್ಬರು ಹೊಡೀತಿದ್ದ ಸುಲ್ತಾನರೆಲ್ಲ ಒಂದಾಗೋ ಹಾಗೆ ಮಾಡಿದ್ದು ಅವನ ತಪ್ಪು ಲೆಕ್ಕ, ನಿಜ. ಆದರೆ ಲೆಕ್ಕ ತಪ್ಪದ ಆಳುವವನು ಯಾರಿದ್ದಾನೆ?

ಹಾಗಾದ್ರೆ ಅವನ ಮೇಲಿರೋ ನಿಜವಾದ ಆರೋಪ ಏನು? ಸೋತದ್ದಲ್ಲ. ಸೋತ ಮೇಲೆ ಎದ್ದು ನಿಲ್ಲೋಕೆ ಏನನ್ನೂ ಉಳಿಸದೇ ಇದ್ದದ್ದು. ಸಿಂಹಾಸನದ ಮೇಲಿದ್ದವನಿಗೆ ಅಧಿಕಾರ ಇರಲಿಲ್ಲ, ಅಧಿಕಾರ ಇದ್ದವನಿಗೆ ಸಿಂಹಾಸನದ ಹಕ್ಕು ಇರಲಿಲ್ಲ. ದೊಡ್ಡ ಹುದ್ದೆಗಳು ತಮ್ಮಂದಿರಿಗೆ, ನೆಂಟರಿಗೆ ಹೋಗಿದ್ದವು. ರಾಮರಾಯ ಸತ್ತ ಮೇಲೆ ಅವನ ತಮ್ಮ ತಿರುಮಲ ಸದಾಶಿವರಾಯನನ್ನೂ ಬೊಕ್ಕಸವನ್ನೂ ಕರ್ಕೊಂಡು ಪೆನುಕೊಂಡೆಗೆ ಹೊರಟ. ರಾಜಧಾನಿಗೆ ಕಾವಲು ನಿಲ್ಲೋರು ಯಾರೂ ಉಳಿಯಲಿಲ್ಲ. ಹಂಪಿಯಲ್ಲಿ ನಾವು ಫೋಟೊ ತೆಗೆಯೋ ಪಾಳು ಗೋಡೆಗಳ ಹಿಂದೆ ಇದೂ ಇದೆ.

ಇನ್ನು ನಮ್ಮ ಬಂಕಾಪುರಕ್ಕೆ ಬನ್ನಿ. ಶಿಗ್ಗಾವಿ ತಾಲ್ಲೂಕಿನ ಈ ಕೋಟೆಗೆ ಈಗ ಜನ ನವಿಲು ನೋಡೋಕೆ ಹೋಗ್ತಾರೆ, ಒಳಗಿರೋ ನಗರೇಶ್ವರ ಗುಡಿಯ ಕಂಬ ನೋಡೋಕೆ ಹೋಗ್ತಾರೆ. ತಾಳಿಕೋಟೆ ಆದ ತಕ್ಷಣ ಇದೇನೂ ಬೀಳಲಿಲ್ಲ! 1573ರ ಸುಮಾರಿನವರೆಗೂ ನಿಂತಿತ್ತು. ಆಗ ಇಲ್ಲಿದ್ದ ನಾಯಕ ವೇಲಪ್ಪ. ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫೆರಿಶ್ತಾ ಬರೆಯೋ ಪ್ರಕಾರ ಈ ವೇಲಪ್ಪ ಮೊದಲು ರಾಮರಾಯನ ಊಳಿಗದವನು. ಒಡೆಯ ಸತ್ತ ಮೇಲೆ ಸ್ವತಂತ್ರನಾದ. ಬಿಜಾಪುರದ ಸೈನ್ಯ ಮುತ್ತಿಗೆ ಹಾಕಿದಾಗ ರಾಮರಾಯನ ತಮ್ಮನಿಗೇ ಸಹಾಯ ಕೇಳಿ ಬರೆದ. ನಿನ್ನಂಥವರು ತಿರುಗಿಬಿದ್ದಿದ್ದಕ್ಕೇ ನಮ್ಮ ಬಲ ಹೋಯ್ತು ಅನ್ನೋ ಅರ್ಥದ ಉತ್ತರ ಬಂತಂತೆ. ಅಕ್ಕಪಕ್ಕದ ನಾಯಕರಿಂದ ಅಷ್ಟಿಷ್ಟು ನೆರವು ಸಿಕ್ಕರೂ ಸಾಕಾಗಲಿಲ್ಲ. ಒಂದು ವರ್ಷ ಮೂರು ತಿಂಗಳ ಮುತ್ತಿಗೆ ಆದ ಮೇಲೆ ಕೋಟೆ ಬಿಜಾಪುರದ ಪಾಲಾಯ್ತು. 1686ರಲ್ಲಿ ಬಿಜಾಪುರವನ್ನ ಔರಂಗಜೇಬ್ ಗೆದ್ದ, ಆಮೇಲೆ ಸವಣೂರು ನವಾಬರ ಕಾಲ ಬಂತು.

ಈ ಪತ್ರದ ಮಾತನ್ನ ಒಂದು ಸಲ ಯೋಚಿಸಿ. ಮೇಲಿನವನು ಕೆಳಗಿನವನಿಗೆ 'ನೀನು ನಿಷ್ಠೆ ಬಿಟ್ಟೆ' ಅಂತಾನೆ. ಆದರೆ ನಿಷ್ಠೆ ಯಾರಿಗೆ ಇರಬೇಕಿತ್ತು? ರಾಜನನ್ನೇ ಪಕ್ಕಕ್ಕೆ ಸರಿಸಿ, ಬಲ ಇದ್ದವನದೇ ರಾಜ್ಯ ಅಂತ 22 ವರ್ಷ ತೋರಿಸಿಕೊಟ್ಟ ಮನೆತನಕ್ಕಾ? ವೇಲಪ್ಪ ಕಲಿತದ್ದು ಅದೇ ಪಾಠ.

ಹಾಗಂತ ಪೂರ್ತಿ ಹೊರೆ ರಾಮರಾಯನ ತಲೆಗೇ ಕಟ್ಟೋಕೂ ಆಗಲ್ಲ. ಸೈನ್ಯ ಸಾಕೋ ಷರತ್ತಿನ ಮೇಲೆ ನಾಯಕರಿಗೆ ಸೀಮೆ ಬಿಟ್ಟುಕೊಡೋ ಪದ್ಧತಿ ಅವನಿಗಿಂತ ಹಳೆಯದು. ಸಾಳುವ ನರಸಿಂಹ ಸಿಂಹಾಸನ ಏರಿದ್ದೂ ಸೇನಾಬಲದಿಂದಲೇ. ಅಲ್ಲದೆ ಸಾಮ್ರಾಜ್ಯ 1565ಕ್ಕೇ ಮುಗಿಯಲಿಲ್ಲ. ಪೆನುಕೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ಇನ್ನೂ 80 ವರ್ಷದಷ್ಟು ನಡೀತು. ಆ ಕಾಲದಲ್ಲೂ ಪಟ್ಟಕ್ಕಾಗಿ ಮನೆಯೊಳಗೇ ಜಗಳ ನಿಲ್ಲಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಅವರವರೇ.

ಹಾಗಾಗಿ ನನ್ನ ತೀರ್ಪು ಇಷ್ಟು: ಯುದ್ಧ ಸೋತದ್ದಕ್ಕೆ ರಾಮರಾಯನ ಪಾಲು ಅರ್ಧ, ರಾಜ್ಯ ಟೊಳ್ಳಾದದ್ದಕ್ಕೆ ಅವನ ಪಾಲು ಅದಕ್ಕಿಂತ ಜಾಸ್ತಿ. 'ಗಟ್ಟಿ ಮನುಷ್ಯ ಒಬ್ಬ ಬಂದ್ರೆ ಎಲ್ಲ ಸರಿ ಹೋಗುತ್ತೆ' ಅನ್ನೋ ಮಾತು ನಮ್ಮ ಕಟ್ಟೆ ಮೇಲೂ ಕೇಳುತ್ತೆ, ಕಾಲೇಜ್ ಕ್ಯಾಂಟೀನಲ್ಲೂ ಕೇಳುತ್ತೆ. ಹಾಗಂದವರಿಗೆ ಒಂದೇ ಪ್ರಶ್ನೆ ಕೇಳಿ: ಅವನಿಲ್ಲದ ದಿನ ಏನಾಗುತ್ತೆ? ದ್ರೋಹಿ ಯಾರು ಅಂತ ಹುಡುಕೋದು ಸುಲಭ, ಈ ಪ್ರಶ್ನೆಗೆ ಉತ್ತರ ಹುಡುಕೋದು ಕಷ್ಟ.

ನಿಮ್ಮ ತೀರ್ಪು ಬೇರೆ ಇರಬಹುದು, ವಾದ ಇದ್ರೆ ಕಳಿಸಿ. ಇಬ್ಬರು ಸ್ನೇಹಿತರನ್ನ ಕರ್ಕೊಂಡು ಒಂದು ಭಾನುವಾರ ಬಂಕಾಪುರ ಕೋಟೆಗೂ ಹೋಗಿ ಬನ್ನಿ.