ಒಂದು ಕಾರ್ಬನ್ನಿನ ಅಂತರ



ಹತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಒಂದು ಸರಳ ಪ್ರಯೋಗವಿದೆ. ಬೆಚ್ಚಗಿನ ಎಥನಾಲ್‌ಗೆ ಕ್ಷಾರೀಯ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಿದರೆ ನೇರಳೆ ಬಣ್ಣ ಮಾಯವಾಗುತ್ತದೆ. ಆಲ್ಕೋಹಾಲ್ ಉತ್ಕರ್ಷಣಗೊಂಡು ಆಮ್ಲವಾಗುತ್ತದೆ. ಪರೀಕ್ಷೆ ಮುಗಿದ ಬಳಿಕ ಬಹುಮಂದಿ ಇದನ್ನು ಮರೆಯುತ್ತಾರೆ.

ಇದೇ ಉತ್ಕರ್ಷಣೆ ಮನುಷ್ಯನ ಯಕೃತ್ತಿನಲ್ಲಿ ಕಿಣ್ವಗಳ ನೆರವಿನಿಂದ ನಡೆಯುತ್ತದೆ. ಎರಡು ಕಾರ್ಬನ್ನುಗಳ ಎಥನಾಲ್ ಮೊದಲು ಅಸಿಟಾಲ್ಡಿಹೈಡ್, ಅನಂತರ ಅಸಿಟಿಕ್ ಆಮ್ಲವಾಗುತ್ತದೆ. ವಿನೆಗರಿನಲ್ಲಿರುವ ಈ ಆಮ್ಲವನ್ನು ದೇಹ ಶಕ್ತಿಗಾಗಿ ಬಳಸಿಕೊಳ್ಳಬಲ್ಲದು. ಒಂದೇ ಕಾರ್ಬನ್ನಿನ ಮೆಥನಾಲ್ ಅದೇ ಹಾದಿಯಲ್ಲಿ ಫಾರ್ಮಾಲ್ಡಿಹೈಡ್, ಅನಂತರ ಫಾರ್ಮಿಕ್ ಆಮ್ಲವಾಗುತ್ತದೆ. ಇದನ್ನು ದೇಹ ಬಲು ನಿಧಾನವಾಗಿ ಮಾತ್ರ ಕಳೆದುಕೊಳ್ಳುತ್ತದೆ. ಶೇಖರವಾದ ಆಮ್ಲ ಜೀವಕೋಶಗಳ ಉಸಿರಾಟವನ್ನೇ ತಡೆಯುತ್ತದೆ. ಕಣ್ಣಿನ ನರ ಸೋಲುತ್ತದೆ. ಕುಡಿದ ದ್ರವಕ್ಕಿಂತ ಅದರಿಂದ ದೇಹವೇ ತಯಾರಿಸಿದ ಆಮ್ಲ ಹೆಚ್ಚು ಘೋರವಾದದ್ದು. ಆದ್ದರಿಂದಲೇ ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸುತ್ತವೆ.

ಈ ಮೆಥನಾಲ್ ಬಡವರ ಲೋಟಕ್ಕೆ ಬಂದ ಹಾದಿಗಳಲ್ಲಿ ಒಂದು ಸುಂಕದ ಚರಿತ್ರೆಯಲ್ಲಿದೆ. ಕೈಗಾರಿಕೆಗೆ ಸುಂಕವಿಲ್ಲದೆ ಕೊಡುವ ಮದ್ಯಸಾರವನ್ನು ಯಾರೂ ಕುಡಿಯಬಾರದೆಂದು ಅದಕ್ಕೆ ಮೆಥನಾಲ್ ಬೆರೆಸುವ ಕಾನೂನು ಬ್ರಿಟನ್ನಿನಲ್ಲಿ 1855ರಲ್ಲಿ ಬಂತು. ಬೊಕ್ಕಸದ ವರಮಾನ ಕಾಯಲು ವಿಷವನ್ನೇ ಕಾವಲಿಗಿಟ್ಟ ಈ ಪದ್ಧತಿ ವಸಾಹತುಗಳಿಗೂ ಹರಡಿತು. ಅಗ್ಗದ ಕೈಗಾರಿಕಾ ದ್ರವ ಕಳ್ಳಭಟ್ಟಿಗೆ ಸೇರಿದಾಗ ಸತ್ತವರು ಕೂಲಿಕಾರರು. 1981ರ ಜುಲೈನಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ನೂರಾರು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ. 2025ರ ಆಗಸ್ಟ್‌ನಲ್ಲಿ ಮದ್ಯ ನಿಷೇಧವಿರುವ ಕುವೈತಿನಲ್ಲಿ ಏಷ್ಯಾ ಮೂಲದ 20ಕ್ಕೂ ಹೆಚ್ಚು ವಲಸಿಗರು.

ಚಿಕಿತ್ಸೆಯೂ ಅದೇ ಪಾಠದ ಮುಂದುವರಿಕೆ. ಎಥನಾಲ್ ಅದೇ ಕಿಣ್ವಕ್ಕೆ ಮೆಥನಾಲ್‌ಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಅಳತೆಯಲ್ಲಿ ಕೊಟ್ಟರೆ ಮೆಥನಾಲ್ ಆಮ್ಲವಾಗದೆ ಉಳಿಯುತ್ತದೆ. ಡಯಾಲಿಸಿಸ್ ಅದನ್ನು ರಕ್ತದಿಂದ ತೆಗೆಯುತ್ತದೆ. ಫೊಮೆಪಿಜೋಲ್ ಎಂಬ ಔಷಧವೂ ಆ ಕಿಣ್ವವನ್ನೇ ತಡೆಯುತ್ತದೆ, ಆದರೆ ಬೆಲೆ ದುಬಾರಿ. ಎಲ್ಲಕ್ಕೂ ಬೇಕಾದದ್ದು ಬೇಗ ಆಸ್ಪತ್ರೆ ಸೇರುವುದು. ಕುಡಿದೆನೆಂದು ಹೇಳಿದರೆ ಸೆರೆಮನೆ ಅಥವಾ ಗಡೀಪಾರು ಎಂಬ ಭಯವಿರುವಲ್ಲಿ ಆ ಗಂಟೆಗಳು ಕೈತಪ್ಪುತ್ತವೆ.

ಸತ್ತವರನ್ನು ಕುಡುಕರೆಂದು ಕರೆದು ಸಮಾಜ ಕೈತೊಳೆದುಕೊಳ್ಳುತ್ತದೆ. ಎರಡೂ ಆಲ್ಕೋಹಾಲ್‌ಗಳು ನೋಟಕ್ಕೆ ಒಂದೇ, ವಾಸನೆಯೂ ಹತ್ತಿರ ಹತ್ತಿರ. ಕುಡಿಯುವವನಿಗೆ ವ್ಯತ್ಯಾಸ ತಿಳಿಯದು. ತಿಳಿದು ಬೆರೆಸುವವರಿಗೂ ಕಂಡೂ ಸುಮ್ಮನಿರುವ ಆಡಳಿತಕ್ಕೂ ಅದು ತಿಳಿದಿರುತ್ತದೆ. ಆ ಪಾಠ ಕಲಿಸುವ ತರಗತಿಯಲ್ಲಿ ಇಷ್ಟನ್ನೂ ಹೇಳಿದರೆ, ಮನೆಯಲ್ಲಿ ಯಾರಾದರೂ ಕಣ್ಣು ಮಂಜಾಯಿತೆಂದಾಗ ಆ ಮಗುವಾದರೂ ತಡಮಾಡದೆ ಆಸ್ಪತ್ರೆಗೆ ಎಂದೀತು.